ದೇಶದ ಸುಸ್ಥಿರ ಅಭಿವೃದ್ಧಿ ಅಳೆಯಲು ಯಾವ ಸೂಚಕಗಳನ್ನು ಆರಿಸಬೇಕು? ಜಿಡಿಪಿ, ಅಂದರೆ ದೇಶದಲ್ಲಿ ವರ್ಷಕ್ಕೆ ತಯಾರಾಗುವ ಸರಕು-ಸೇವೆಗಳ ಒಟ್ಟು ಬೆಲೆ, ಅದೊಂದೇ ಸಾಕಾ?

ಸಾಲದು. ಯಾಕೆ ಅಂತ ನಮ್ಮ ಹೊಲದಿಂದಲೇ ಹೇಳುತ್ತೇನೆ.

ನಮ್ಮದು ಕೋಲಾರದ ಪಕ್ಕದ ಹಳ್ಳಿ. ತಾತ ತೆರೆದ ಬಾವಿಯಿಂದ ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುತ್ತಿದ್ದರು. ಅಪ್ಪ ಕೊನೆಯ ಸಲ ಬೋರ್ ಹಾಕಿಸಿದಾಗ 1,200 ಅಡಿ ಹೋದರೂ ಬಂದಿದ್ದು ಬರೀ ಬಿಳಿ ಧೂಳು. ರಾತ್ರಿಯೆಲ್ಲ ಲಾರಿ ಪಕ್ಕ ನಿಂತಿದ್ದ ಅಪ್ಪ ಬೆಳಗ್ಗೆ ಒಂದು ಮಾತೂ ಆಡಲಿಲ್ಲ. ಆ ಬೋರಿನ ಖರ್ಚು ಜಿಡಿಪಿಗೆ ಸೇರಿತು. ಕೆಳಗೆ ಬರಿದಾದ ನೀರನ್ನು ಯಾರೂ ಕಳೆಯಲಿಲ್ಲ. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಅಂತಾರಲ್ಲ, ಜಿಡಿಪಿ ತಿಂದಿದ್ದನ್ನು ಲೆಕ್ಕ ಹಾಕುತ್ತದೆ, ಕುಡಿಕೆಯೊಳಗೆ ಇಣುಕುವುದಿಲ್ಲ.

ಹಾಗಾಗಿ ನಾನು ಮೊದಲು ಆರಿಸುವುದು ಎಷ್ಟು ಉಳಿದಿದೆ ಎಂದು ತೋರಿಸುವ ಸೂಚಕ. ವರ್ಷಕ್ಕೆ ತೆಗೆಯಬಹುದಾದ ಅಂತರ್ಜಲದಲ್ಲಿ ಶೇಕಡಾ ಎಷ್ಟು ತೆಗೆಯುತ್ತಿದ್ದೇವೆ ಅಂತ ಕೇಂದ್ರ ಅಂತರ್ಜಲ ಮಂಡಳಿ ಲೆಕ್ಕ ಕೊಡುತ್ತದೆ. 70ರೊಳಗಿದ್ದರೆ ಸುರಕ್ಷಿತ, 100 ದಾಟಿದರೆ ಅತಿಬಳಕೆ. 2024ರಲ್ಲಿ ದೇಶದ ಸರಾಸರಿ ಸುಮಾರು 60. ಕೋಲಾರ 100 ದಾಟಿ ಎಷ್ಟೋ ವರ್ಷವಾಯಿತು. ಸರಾಸರಿ ಮಾತ್ರ ನೋಡಿದರೆ ನಾವು ಕಾಣಿಸುವುದೇ ಇಲ್ಲ, ಅಲ್ವಾ? ತಾಲ್ಲೂಕುವಾರು ಬಿಡಿಸಿ ಹೇಳಲಾಗದ ಸೂಚಕವನ್ನು ನಾನಂತೂ ನಂಬುವುದಿಲ್ಲ.

ಇನ್ನೊಂದು ಮಾತು. ಹಾಕಿದ ನಲ್ಲಿಯನ್ನಲ್ಲ, ಬರುವ ನೀರನ್ನು ಅಳೆಯಬೇಕು. ನಮ್ಮ ಅತ್ತಿಗೆ ಮನೆಯಲ್ಲಿ ನಲ್ಲಿ ಇದೆ. ಆದರೂ ದಿನಾ ಐದು ರೂಪಾಯಿ ನಾಣ್ಯ, ಕ್ಯಾನ್ ಹಿಡಿದು ಫಿಲ್ಟರ್ ನೀರಿಗೆ ಹೋಗುತ್ತಾರೆ. ನಲ್ಲಿ ನೀರಲ್ಲಿ ಫ್ಲೋರೈಡ್ ಜಾಸ್ತಿ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ 230ಕ್ಕೂ ಹೆಚ್ಚು ಸೂಚಕಗಳಿವೆ. ಅದರಲ್ಲಿ ಕುಡಿಯುವ ನೀರಿನ ಸೂಚಕ 6.1.1 ನನಗೆ ತುಂಬ ಇಷ್ಟ. ನೀರು ಮನೆ ಆವರಣದಲ್ಲೇ ಸಿಗಬೇಕು, ಬೇಕಾದಾಗ ಸಿಗಬೇಕು, ಅದರಲ್ಲಿ ಮಲದ ಸೋಂಕಾಗಲಿ ಫ್ಲೋರೈಡ್, ಆರ್ಸೆನಿಕ್‌ನಂಥ ವಿಷವಾಗಲಿ ಇರಬಾರದು. ಮೂರೂ ಇದ್ದರೆ ಮಾತ್ರ ಲೆಕ್ಕಕ್ಕೆ.

ಗಾಳಿ, ಕಾಡು, ಶಾಲೆ, ಆದಾಯಕ್ಕೂ ಇದೇ ರೀತಿ ನೋಡಿ. ಆದರೆ ಒಂದಕ್ಕೆ ಒಂದೇ ಅಳತೆ ಸಾಲದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಒಣಗಿದ ಕೆರೆ ತುಂಬಿದ ದಿನ ಊರಿಗೆ ಊರೇ ಏರಿ ಮೇಲಿತ್ತು, ನಾನೂ ಇದ್ದೆ. ಆದರೆ ಆ ನೀರಿಗೆ ಎರಡು ಹಂತದ ಸಂಸ್ಕರಣೆ ಮಾತ್ರ ಆಗಿರುತ್ತದೆ, ಇನ್ನಷ್ಟು ಶುದ್ಧ ಮಾಡುವ ಮೂರನೇ ಹಂತ ಆಗಿರುವುದಿಲ್ಲ. ಬಾವಿಯಲ್ಲಿ ನೀರು ಎಷ್ಟು ಏರಿತು ಅಂತ ಬರೆದುಕೊಳ್ಳುವ ಪುಸ್ತಕದಲ್ಲೇ ಪಕ್ಕಕ್ಕೊಂದು ಗೆರೆ ಎಳೆದು ಆ ನೀರಿನಲ್ಲಿ ಏನೇನಿದೆ ಅಂತಲೂ ಬರೆಯಬೇಕು.