ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲಿ ಮನೆ: ಜಾಗ ಮಾರಬೇಡಿ, ಲೀಸಿಗೆ ಕೊಡಿ

ಸರ್, ಕ್ಯಾಲಿಫೋರ್ನಿಯಾದ ನಿಮ್ಮ ದೇವಸ್ಥಾನದ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಮನೆ ಕಟ್ಟಿಸಿ ವಯಸ್ಸಾದ ಭಕ್ತರಿಗೆ ಬಾಡಿಗೆಗೆ ಕೊಡಬಹುದೇ ಎಂದು ಕೇಳಿದ್ದೀರಿ. ಕಟ್ಟಿಸಬಹುದು. ಆದರೆ ‘ನಮ್ಮ ಭಕ್ತರಿಗಷ್ಟೇ’ ಅನ್ನೋ ಆಸೆ ಮೊದಲು ಬಿಡಿ. ಸರ್ಕಾರದ ದುಡ್ಡು ಸೇರಿದ ಮನೆಗಳಿಗೆ ಧರ್ಮ ನೋಡಿ ಬಾಡಿಗೆದಾರರನ್ನು ಆರಿಸುವ ಹಾಗಿಲ್ಲ. ಸರ್ಕಾರದ ದುಡ್ಡಿಲ್ಲದೆ ಇಂಥ ಯೋಜನೆ ಏಳುವುದೂ ಕಷ್ಟ.

ನಿಮಗೆ ಬೇಕಾದದ್ದು 2023ರ ಎಸ್‌ಬಿ 4 (ಸೆನೆಟ್ ಬಿಲ್ 4), ಅಂದರೆ ಧಾರ್ಮಿಕ ಸಂಸ್ಥೆಗಳ ಜಾಗದಲ್ಲಿ ಕಡಿಮೆ ಬಾಡಿಗೆಯ ಮನೆ ಕಟ್ಟಲು ದಾರಿ ಮಾಡಿಕೊಡುವ ಕ್ಯಾಲಿಫೋರ್ನಿಯಾದ ಕಾಯ್ದೆ. ಜಾಗ 2024ರ ಜನವರಿ 1ಕ್ಕೇ ದೇವಸ್ಥಾನದ ಒಡೆತನದಲ್ಲಿದ್ದು, ಉಳಿದ ಷರತ್ತುಗಳೂ ಹೊಂದಿದರೆ, ಝೋನಿಂಗ್ (ಯಾವ ಜಾಗದಲ್ಲಿ ಏನು ಕಟ್ಟಬಹುದೆಂಬ ಸ್ಥಳೀಯ ನಿಯಮ) ಬದಲಾವಣೆಗೆ ಅಲೆಯಬೇಕಿಲ್ಲ. ಮನೆಗಳು ಬಹುತೇಕ ಕಡಿಮೆ ಆದಾಯದವರಿಗೇ ಹೋಗಬೇಕು. ಬಾಡಿಗೆಯನ್ನು 55 ವರ್ಷ ಅವರ ಕೈಗೆಟುಕುವ ಮಿತಿಯಲ್ಲೇ ಇಡಬೇಕು. ಮನೆಗಳಲ್ಲಿ ಶೇ. 5ರಷ್ಟನ್ನು ನಿಮ್ಮ ಸಿಬ್ಬಂದಿಗೆ ಇಟ್ಟುಕೊಳ್ಳಬಹುದು. ಬಾಡಿಗೆ ಕಟ್ಟಲಾಗದೆ ದೂರದೂರಿಂದ ಬೆಳಗಿನ ಅಭಿಷೇಕಕ್ಕೆ ಓಡಿ ಬರುವ ಅರ್ಚಕರಿದ್ದರೆ ಇದೊಂದೇ ಸಾಕು ಕಮಿಟಿಯನ್ನು ಒಪ್ಪಿಸಲು!

ಜಾಗ ಮಾತ್ರ ಮಾರಬೇಡಿ. ಅನುಭವವಿರುವ ಲಾಭರಹಿತ ಬಿಲ್ಡರ್ ಸಂಸ್ಥೆಗೆ ದೀರ್ಘಾವಧಿ ಲೀಸಿಗೆ ಕೊಡಿ. ಸಾಲ, ನಿರ್ವಹಣೆ ಅವರ ತಲೆನೋವು, ನೆಲ ನಿಮ್ಮದೇ. ದೇವಸ್ಥಾನದ ಮೇಲೆ ಹಳೇ ಬ್ಯಾಂಕ್ ಸಾಲವಿದ್ದರೆ ಲೀಸಿಗೆ ಬ್ಯಾಂಕಿನ ಒಪ್ಪಿಗೆ ಬೇಕಾದೀತು. ವಕೀಲರ ಹತ್ತಿರ ಹೋಗುವಾಗ ಆ ಕಾಗದಪತ್ರದ ಜೊತೆ ಟ್ರಸ್ಟಿನ ಬೈಲಾ ಕೂಡ ಒಯ್ಯಿರಿ.