ಕೆ.ಜಿ.ಎಫ್‌ಗೆ ಬಂದ ಮುತ್ತಜ್ಜನ ಊರು ಯಾವುದು?

ಪ್ರಶ್ನೆ: ನನ್ನ ಅಮ್ಮನ ಮುತ್ತಜ್ಜ ಇಂಗ್ಲೆಂಡಿನಿಂದ ಬಂದು ಕೆ.ಜಿ.ಎಫ್ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿದರಂತೆ. ಇಲ್ಲಿಯವರನ್ನೇ ಮದುವೆಯಾಗಿ ಇಲ್ಲೇ ತೀರಿಕೊಂಡರು. ಹೆಸರು ಬಿಟ್ಟು ಇನ್ನೇನೂ ಗೊತ್ತಿಲ್ಲ. ಅವರ ಊರು, ಮನೆಯವರನ್ನು ಹುಡುಕೋದು ಹೇಗೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ದಯವಿಟ್ಟು ಇಂಗ್ಲೆಂಡಿನಿಂದ ಶುರು ಮಾಡಬೇಡಿ. ಅಲ್ಲಿ ಅದೇ ಹೆಸರಿನವರು ಹತ್ತಾರು ಜನ ಸಿಗುತ್ತಾರೆ, ಅವರಲ್ಲಿ ನಿಮ್ಮವರು ಯಾರು ಅಂತ ಗೊತ್ತಾಗೋದಿಲ್ಲ. ಮೊದಲು ಇಲ್ಲಿನ ಮದುವೆ ದಾಖಲೆ ಹುಡುಕಿ. ಅದರಲ್ಲಿ ಗಂಡು ಹೆಣ್ಣಿನ ವಯಸ್ಸು, ಗಂಡಿನ ಕೆಲಸ, ಇದ್ದ ಊರು, ಇಬ್ಬರ ತಂದೆಯ ಹೆಸರು ಸಾಮಾನ್ಯವಾಗಿ ಇರುತ್ತದೆ. ಗಂಡಿನ ತಂದೆಯ ಹೆಸರು ಸಿಕ್ಕರೆ ಮುಂದಿನ ದಾರಿ ತೆರೆದ ಹಾಗೆ. ನಿಮ್ಮ ಮುತ್ತಜ್ಜಿಯ ಕಡೆಯ ಹೆಸರನ್ನೂ ಅಷ್ಟೇ ಜೋಪಾನವಾಗಿ ಬರೆದಿಟ್ಟುಕೊಳ್ಳಿ. ವಂಶವೃಕ್ಷದಲ್ಲಿ ಇಲ್ಲಿನ ಹೆಂಗಸರ ಹೆಸರೇ ಜಾಸ್ತಿ ಕಳೆದುಹೋಗಿರುವುದು. ನನಗೆ ಅದು ತುಂಬಾ ಬೇಸರದ ವಿಷಯ.

ಆಗ ಚರ್ಚಿನ ನಾಮಕರಣ, ಮದುವೆ, ಸಮಾಧಿ ದಾಖಲೆಗಳ ನಕಲು ಮದ್ರಾಸಿಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಇಂಡಿಯಾ ಆಫೀಸ್ (ಆಗ ಭಾರತದ ಆಡಳಿತ ನೋಡುತ್ತಿದ್ದ ಬ್ರಿಟಿಷ್ ಇಲಾಖೆ) ದಾಖಲೆಗಳಲ್ಲಿವೆ. ಕೆ.ಜಿ.ಎಫ್ ಮೈಸೂರು ಸಂಸ್ಥಾನದಲ್ಲಿದ್ದರೂ ನೀವು ನೋಡಬೇಕಾದ್ದು ಮದ್ರಾಸ್ ಪ್ರೆಸಿಡೆನ್ಸಿಯ ಸಂಪುಟಗಳನ್ನು. ಬಹಳ ಜನ ಎಡವೋದೇ ಇಲ್ಲಿ. ಫೈಂಡ್‌ಮೈಪಾಸ್ಟ್ ತಾಣದಲ್ಲಿ ದುಡ್ಡು ಕೊಟ್ಟು ಇವುಗಳ ಚಿತ್ರ ನೋಡಬಹುದು. ಫ್ಯಾಮಿಲಿಸರ್ಚ್ ಮತ್ತು ಫಿಬಿಸ್ (ಬ್ರಿಟಿಷ್ ಭಾರತದ ಕುಟುಂಬಗಳ ಇತಿಹಾಸ ಹುಡುಕುವವರ ಸಂಘ) ತಾಣಗಳಲ್ಲಿ ಹೆಸರಿನ ಹುಡುಕಾಟ ಉಚಿತ.

ಅಲ್ಲಿ ಸಿಗದಿದ್ದರೆ ಚರ್ಚಿಗೇ ಪತ್ರ ಬರೆಯಿರಿ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಡೆಸಿದ ಈ ಗಣಿಗಳಿಗೆ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಿಂದ ತುಂಬಾ ಜನ ಬಂದರು. ಅಲ್ಲಿ ತಾಮ್ರ, ಆಮೇಲೆ ತವರದ ಬೆಲೆ ಬಿದ್ದು ಗಣಿಗಳು ಮುಚ್ಚಿದ್ದವು. ಅವರಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿನಿಂದ ಬೇರೆಯಾದ ಮೆಥಡಿಸ್ಟ್ ಪಂಥದವರು, ಮೆಥಡಿಸ್ಟ್ ದಾಖಲೆಗಳೆಲ್ಲ ಲಂಡನ್ನಿಗೆ ಹೋಗಿಲ್ಲ. ಇಲ್ಲಿನ ಆಂಗ್ಲಿಕನ್ ಮತ್ತು ಬ್ರಿಟಿಷ್ ಮೂಲದ ಮೆಥಡಿಸ್ಟ್ ಸಭೆಗಳು 1947ರಲ್ಲಿ ಸಿ.ಎಸ್.ಐ.ಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದವು. ಹಾಗಾಗಿ ಕೆ.ಜಿ.ಎಫ್‌ನ ಸಿ.ಎಸ್.ಐ. ಚರ್ಚನ್ನು ಮೊದಲು ಕೇಳಿ. ಸುಮ್ನೆ ಹೆಸರೊಂದನ್ನೇ ಬರೆದು ಕಳಿಸಬೇಡಿ. ಅಂದಾಜು ಇಸವಿಯನ್ನೂ ಕೊಡಿ, ಹಳೆಯ ರಿಜಿಸ್ಟರ್ ತೆಗೆದು ನೋಡುವವರಿಗೆ ಅನುಕೂಲ.

ಮನೆತನದ ಹೆಸರು ಟ್ರೆ, ಪೋಲ್ ಅಥವಾ ಪೆನ್ ಅಂತ ಶುರುವಾಗುತ್ತದೆಯಾ? ಹಾಗಿದ್ದರೆ ಕಾರ್ನ್‌ವಾಲ್ ಆಗಿರುವ ಸಾಧ್ಯತೆ ಜಾಸ್ತಿ.

ತಂದೆಯ ಹೆಸರು, ವಯಸ್ಸು ಕೈಗೆ ಬಂದ ಮೇಲೆ ಇಂಗ್ಲೆಂಡಿನ ಜನಗಣತಿ ನೋಡಿ. 1851ರಿಂದ ಅದರಲ್ಲಿ ಹುಟ್ಟಿದ ಊರೂ ಇರುತ್ತದೆ. 1881ರಲ್ಲಿ ಅಪ್ಪ ಅಮ್ಮನ ಮನೆಯಲ್ಲಿ ಗಣಿ ಕೆಲಸದವನಾಗಿದ್ದ ಹುಡುಗ 1891ರಲ್ಲಿ ಕಾಣದಿದ್ದರೆ ಅದು ಒಳ್ಳೆಯ ಸುಳಿವು. ಆದರೆ ಅಷ್ಟಕ್ಕೇ ನಂಬಬೇಡಿ, ಅವನು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋಗಿರಬಹುದು. 1890ರಿಂದೀಚೆಗೆ ಬ್ರಿಟನ್ನಿನಿಂದ ಹೊರಟ ಹಡಗುಗಳ ಪ್ರಯಾಣಿಕರ ಪಟ್ಟಿ ಉಳಿದಿದೆ, ಅದರಲ್ಲೂ ಹುಡುಕಿ. ಹಾಗೇ ಇಂಗ್ಲೆಂಡಿನಲ್ಲಿ ಅದೇ ಹೆಸರಿನವನ ಮದುವೆಯೋ ಸಾವೋ ದಾಖಲಾಗಿದೆಯೇ ನೋಡಿ. ದಾಖಲಾಗಿದ್ದರೆ ಅವನು ನಿಮ್ಮವನಲ್ಲದಿರಬಹುದು. ಕಾರ್ನ್‌ವಾಲ್‌ನ ಹಳೆಯ ಚರ್ಚ್ ಪುಸ್ತಕಗಳು ರೆಡ್‌ರೂತ್‌ನ ಕ್ರೆಸೆನ್ ಕೆರ್ನೋ ದಾಖಲೆ ಸಂಗ್ರಹದಲ್ಲಿವೆ.

ಈ ವಾರವೇ ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಮನೆಯ ಹಿರಿಯರ ಹತ್ತಿರ ಹಳೆಯ ಬೈಬಲ್ ಇದೆಯಾ ಕೇಳಿ. ಅದರ ಮೊದಲ ಹಾಳೆಗಳಲ್ಲಿ ಹುಟ್ಟು, ಮದುವೆಯ ತಾರೀಖು ಬರೆದಿಡುವ ರೂಢಿ ಈ ಕುಟುಂಬಗಳಲ್ಲಿತ್ತು.