ಮೊದಲ ಸಲ ಸರೊಗೇಟ್ ಆಗುವವರಿಗೆ ಏಜೆನ್ಸಿ ಬೇಕೇ?

ಅಮೆರಿಕದಲ್ಲಿ ನೆಲೆಸಿದ್ದೇನೆ, ಎರಡು ಹೆರಿಗೆ ಸುಸೂತ್ರವಾಗಿ ಆಗಿದೆ, ಮಕ್ಕಳಾಗದವರಿಗೆ ಒಂದು ಮಗು ಹೊತ್ತುಕೊಡುವ ಮನಸ್ಸಿದೆ, ಸರೊಗೇಟ್‌ಗಳನ್ನೂ ದಂಪತಿಗಳನ್ನೂ ಜೋಡಿ ಕೂಡಿಸುವ ಏಜೆನ್ಸಿಗೆ ಸೇರಲೇ ಅಥವಾ ನಾನೇ ದಂಪತಿಯನ್ನು ಹುಡುಕಿಕೊಳ್ಳಲೇ ಎಂದು ಕೇಳಿದ್ದೀರಿ.

ದಂಪತಿ ಅಪರಿಚಿತರಾಗಿದ್ದು, ನಿಮಗಿದು ಮೊದಲ ಸಲವಾದರೆ ಏಜೆನ್ಸಿ ಮೂಲಕವೇ ಹೋಗಿ. ಅಕ್ಕನಿಗೋ ಬಹುಕಾಲದ ಗೆಳತಿಗೋ ಹೊರುವುದಾದರೆ ಏಜೆನ್ಸಿ ಬೇಡ. ಈ ಕೆಲಸ ಗೊತ್ತಿರುವ ವಕೀಲರು ಎರಡೂ ಕಡೆಗೆ ಒಬ್ಬೊಬ್ಬರಿದ್ದು, ಒಂದು ಎಸ್ಕ್ರೋ ಖಾತೆ (ದಂಪತಿಯ ಹಣವನ್ನು ಮೂರನೆಯವರು ಇಟ್ಟುಕೊಂಡು ಕರಾರಿನಂತೆ ಕೊಡುವ ಖಾತೆ) ಇದ್ದರೆ ಸಾಕು. ಆದರೆ ಏಜೆನ್ಸಿ ಇದೆ ಎಂದು ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ. ಅದಕ್ಕೆ ಫೀ ಕೊಡುವವರು ಪೋಷಕರು, ಅಂದರೆ ಮಗು ಬಯಸುವ ದಂಪತಿ, ಹಾಗಾಗಿ ಅದರ ಗಿರಾಕಿಯೂ ಅವರೇ. ಎಲ್ಲ ಸರಿಯಿದ್ದಷ್ಟು ದಿನ ಇದು ಗಮನಕ್ಕೆ ಬರುವುದಿಲ್ಲ. 30ನೇ ವಾರದಲ್ಲಿ ಡಾಕ್ಟರು ಬೆಡ್ ರೆಸ್ಟ್ ಹೇಳಿ, ನಿಮ್ಮ ಸಂಬಳದ ನಷ್ಟ ತುಂಬಿಕೊಡುವವರು ಯಾರು ಎಂಬ ಮಾತು ಎದ್ದಾಗ ಬರುತ್ತದೆ. ವಕೀಲರು, ದುಡ್ಡಿನ ಖಾತೆ, ವಿಮೆ ಈ ಮೂರರ ಮೇಲೆ ನಿಮ್ಮದೇ ಕಣ್ಣಿರಲಿ.

ಊರಿನಿಂದ ಇದನ್ನು ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ 2021ರ ಸರೊಗಸಿ ನಿಯಂತ್ರಣ ಕಾಯಿದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಹಣಕ್ಕಾಗಿ ಸರೊಗಸಿ ಮಾಡಿಸುವುದೂ, ಸರೊಗೇಟ್‌ಗಳನ್ನು ಹುಡುಕಿಕೊಡಲು ಮಧ್ಯವರ್ತಿಗಳನ್ನು ಬಳಸುವುದೂ ಅಪರಾಧ. 10 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಅಲ್ಲಿ ಯಾರಾದರೂ "ನಮ್ಮದು ಏಜೆನ್ಸಿ, ಇಷ್ಟು ಕೊಡುತ್ತೇವೆ" ಎಂದು ಬಂದರೆ ಮಾತೇ ಮುಂದುವರಿಸಬೇಡಿ. ಅಮೆರಿಕದಲ್ಲಿರುವ ನಮ್ಮವರೂ ವೀಸಾ ವಿಚಾರ ಮೊದಲು ನೋಡಿಕೊಳ್ಳಬೇಕು. ಎಚ್-1ಬಿ ನೌಕರರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿದ್ದು ಕೆಲಸದ ಪರವಾನಗಿ ಇಲ್ಲದವರು ಇಮಿಗ್ರೇಷನ್ ವಕೀಲರನ್ನು ಕೇಳದೆ ಒಂದು ಡಾಲರನ್ನೂ ಮುಟ್ಟಬಾರದು. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮಾತ್ರ ಅರ್ಜಿ ತೆಗೆದುಕೊಳ್ಳುವ ಏಜೆನ್ಸಿಗಳು ಹಲವಿವೆ.

ಯಾವ ದಾರಿಯಾದರೂ ಮೊದಲ ಕೆಲಸ ಒಂದೇ: ನಿಮ್ಮ ಹಳೆಯ ಹೆರಿಗೆಗಳ ದಾಖಲೆ ತರಿಸಿಕೊಳ್ಳಿ. ಬಸಿರಿನ ತಪಾಸಣೆ ಮಾಡಿದ ಡಾಕ್ಟರ ಕಡೆಯಿಂದ ಒಂದು, ಹೆರಿಗೆಯಾದ ಆಸ್ಪತ್ರೆಯಿಂದ ಇನ್ನೊಂದು, ಎರಡೂ ಬೇಕು. ಕಾನೂನಿನ ಪ್ರಕಾರ ಅವರಿಗೆ 30 ದಿನ ಸಮಯವಿರುವುದರಿಂದ ಬೇಗ ಕೇಳಿ. ಬಂದ ಮೇಲೆ ನೀವೇ ಓದಿ. ಅಮೆರಿಕದ ಸಂತಾನೋತ್ಪತ್ತಿ ವೈದ್ಯರ ಸಂಘ ಎಎಸ್‌ಆರ್‌ಎಂ ಹೇಳುವ ಅಳತೆ ಹೀಗಿದೆ: ವಯಸ್ಸು 21ರಿಂದ 45, ದಿನ ತುಂಬಿ ತೊಂದರೆಯಿಲ್ಲದೆ ಆದ ಹೆರಿಗೆ ಕನಿಷ್ಠ ಒಂದು, ಒಟ್ಟು ಹೆರಿಗೆ 5ಕ್ಕಿಂತ ಹೆಚ್ಚಿರಬಾರದು, ಸಿಸೇರಿಯನ್ 3ಕ್ಕಿಂತ ಹೆಚ್ಚಿರಬಾರದು. ಬಸಿರಿನಲ್ಲಿ ಬಿಪಿ ಏರಿದ್ದು, ಸಕ್ಕರೆ ಕಾಣಿಸಿಕೊಂಡಿದ್ದು, 37 ವಾರಕ್ಕೆ ಮೊದಲೇ ಹೆರಿಗೆಯಾಗಿದ್ದು, ವಿಪರೀತ ರಕ್ತಸ್ರಾವ ಇವನ್ನೆಲ್ಲ ದಂಪತಿಯ ಭ್ರೂಣವನ್ನು ನಿಮ್ಮ ಗರ್ಭಕೋಶದಲ್ಲಿ ಇಡುವ ಕ್ಲಿನಿಕ್ಕಿನವರು ಸಾಲು ಸಾಲಾಗಿ ನೋಡುತ್ತಾರೆ. ದಂಪತಿಯ ಜೊತೆ ಮನಸ್ಸು ಬೆರೆತು, ಅವರು ಕನಸು ಕಟ್ಟಿಕೊಂಡ ಮೇಲೆ ಕ್ಲಿನಿಕ್ ಬೇಡವೆಂದರೆ ಎರಡೂ ಕಡೆ ದುಃಖ. ಒಳ್ಳೆಯ ಏಜೆನ್ಸಿ ಜೋಡಿ ಕೂಡಿಸುವ ಮೊದಲೇ ಈ ದಾಖಲೆಗಳನ್ನು ತಜ್ಞರಿಗೆ ತೋರಿಸಿರುತ್ತದೆ. ನೇರವಾಗಿ ಹೋಗುವವರು ಇದನ್ನು ಬಿಟ್ಟು ಮೊದಲು ದಂಪತಿಯನ್ನು ಹುಡುಕುತ್ತಾರೆ.

ಏಜೆನ್ಸಿಯ ನಿಜವಾದ ಉಪಯೋಗ, ನನ್ನ ಪ್ರಕಾರ, ನಿಮ್ಮ ಪರವಾಗಿ ದುಡ್ಡು ಕೇಳುವುದರಲ್ಲಿದೆ. ಜೋಡಿ ಕೂಡಿಸುವುದು, ಎರಡೂ ಕಡೆಯವರ ಹಿನ್ನೆಲೆ ಪರಿಶೀಲನೆ, ಮನೋವೈದ್ಯಕೀಯ ಪರೀಕ್ಷೆ, ಪ್ರಯಾಣದ ಟಿಕೆಟ್ ಇವೆಲ್ಲ ಹೇಗೋ ಆಗುತ್ತವೆ. ನೀವು ಕ್ಲಿನಿಕ್ಕಿಗೆ ಹೋದಾಗ ಮೂರು ತಾಸು ನಿಮ್ಮ ಮಕ್ಕಳನ್ನು ನೋಡಿಕೊಂಡವರಿಗೆ ಕೊಟ್ಟ ಹಣವನ್ನು, ಕಣ್ಣೀರಿಟ್ಟುಕೊಂಡು ಸ್ಕ್ಯಾನ್ ನೋಡಿದ ಆ ತಾಯಿಯ ಹತ್ತಿರ ನೀವೇ ಹೇಗೆ ಕೇಳುತ್ತೀರಿ? ಮೊದಲ ಸಲದವರು ಕೇಳುವುದಿಲ್ಲ, ನುಂಗಿಕೊಳ್ಳುತ್ತಾರೆ. ನುಂಗಿದ್ದು ಏಳನೇ ತಿಂಗಳ ಹೊತ್ತಿಗೆ ಕಹಿಯಾಗುತ್ತದೆ.

ಹಾಗಂತ ಯಾವ ಏಜೆನ್ಸಿಯಾದರೂ ಆದೀತು ಎಂದಲ್ಲ. ಬಹುತೇಕ ರಾಜ್ಯಗಳಲ್ಲಿ ಏಜೆನ್ಸಿ ತೆರೆಯಲು ವಿಶೇಷ ಲೈಸೆನ್ಸ್ ಬೇಕಿಲ್ಲ. ನ್ಯೂಯಾರ್ಕ್‌ನಲ್ಲಿ ಹಣ ಕೊಡುವ ಸರೊಗಸಿಗೆ 2021ರ ಫೆಬ್ರವರಿ 15ರಿಂದ ಕಾನೂನಿನ ಒಪ್ಪಿಗೆ ಬಂತು, ಅಲ್ಲಿ ಜೋಡಿ ಕೂಡಿಸುವ ಸಂಸ್ಥೆಗಳಿಗೆ ಆರೋಗ್ಯ ಇಲಾಖೆಯ ಲೈಸೆನ್ಸ್ ಬೇಕು. ಉಳಿದ ಕಡೆ ನೀವೇ ತಡಕಬೇಕು. ಕಂಪನಿಗಳನ್ನು ನೋಂದಾಯಿಸುವ ರಾಜ್ಯದ ಕಚೇರಿ, ಸೆಕ್ರೆಟರಿ ಆಫ್ ಸ್ಟೇಟ್, ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ, ಯಾವ ವರ್ಷ ನೋಂದಣಿಯಾಗಿದೆ, ಯಾರ ಹೆಸರಿನಲ್ಲಿ, ಯಾವ ವಿಳಾಸದಲ್ಲಿ ಎಂದು ನೋಡಿ. ಐದು ನಿಮಿಷದ ಕೆಲಸ. 2025ರಲ್ಲಿ ಕ್ಯಾಲಿಫೋರ್ನಿಯಾದ ಆರ್ಕೇಡಿಯಾದಲ್ಲಿ ಒಂದೇ ದಂಪತಿಗೆ ಸೇರಿದ 21 ಮಕ್ಕಳ ವಿಷಯ ಪೊಲೀಸರ ಗಮನಕ್ಕೆ ಬಂತು. ಹೆಚ್ಚಿನವರು ಸರೊಗೇಟ್‌ಗಳಿಂದ ಹುಟ್ಟಿದವರು, ಏಜೆನ್ಸಿ ನೋಂದಣಿಯಾಗಿದ್ದುದು ಆ ದಂಪತಿಯ ಮನೆಯ ವಿಳಾಸದಲ್ಲೇ. ಬೇರೆಯವರೂ ಅವರಿಗಾಗಿ ಹೊರುತ್ತಿದ್ದಾರೆಂದು ತಮಗೆ ಗೊತ್ತಿರಲಿಲ್ಲ ಎಂದು ಹೊತ್ತವರು ಹೇಳಿದರು. ಅದಕ್ಕೇ ಏಜೆನ್ಸಿಯನ್ನು ಬಾಯಿಬಿಟ್ಟು ಕೇಳಿ: ಈ ಪೋಷಕರಿಗೆ ಈಗ ಬೇರೆ ಯಾರಾದರೂ ಹೊರುತ್ತಿದ್ದಾರೆಯೇ, ನಿಮ್ಮ ಒಬ್ಬ ಸಂಯೋಜಕಿಯ ಕೈಯಲ್ಲಿ ಎಷ್ಟು ಕೇಸ್ ಇವೆ, ರಾತ್ರಿ ಫೋನ್ ಎತ್ತುವವರು ಯಾರು, ಜೋಡಿ ಮುರಿದರೆ ನನ್ನ ಗತಿಯೇನು. ಈಗಾಗಲೇ ಹೆತ್ತುಕೊಟ್ಟ ಇಬ್ಬರ ಜೊತೆ ಮಾತಾಡಿಸಿ ಎನ್ನಿ, ಅವರಲ್ಲಿ ಒಬ್ಬರಿಗಾದರೂ ಏನೋ ತೊಡಕಾಗಿರಬೇಕು. ಎಲ್ಲ ಸಲೀಸಾದವರ ಮಾತಿನಿಂದ ಏಜೆನ್ಸಿಯ ಗುಣ ತಿಳಿಯುವುದಿಲ್ಲ.

ವಕೀಲರು. ನಿಮ್ಮವರು ನಿಮ್ಮವರಾಗಿರಬೇಕು, ಫೀ ಪೋಷಕರು ಕೊಟ್ಟರೂ ಸರಿ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಎರಡರಲ್ಲೂ ಪ್ರತ್ಯೇಕ ವಕೀಲರಿರಬೇಕೆಂಬುದು ಕಾನೂನೇ. ಏಜೆನ್ಸಿ ಒಂದೇ ಹೆಸರು ಕೊಟ್ಟು ಇವರನ್ನೇ ಇಟ್ಟುಕೊಳ್ಳಿ ಎಂದರೆ ಇನ್ನೂ ಇಬ್ಬರ ಹೆಸರು ಕೇಳಿ. ಕರಾರಿನಲ್ಲಿ ಒಂದು ಸಲಕ್ಕೆ ಒಂದೇ ಭ್ರೂಣ ಎಂದಿರಲಿ; ಅವಳಿಯಾದರೆ ಅವಧಿಗೆ ಮುನ್ನ ಹೆರಿಗೆ, ಬಿಪಿ, ಸಿಸೇರಿಯನ್ ಎಲ್ಲದರ ಅಪಾಯವೂ ನಿಮ್ಮ ಮೈಗೇ. ಎಷ್ಟು ಸಲ ಪ್ರಯತ್ನ, ಮಗುವಿಗೆ ತೀವ್ರ ದೋಷ ಕಂಡರೆ ಏನು, ಪೋಷಕರು ಬೇರೆಯಾದರೆ ಅಥವಾ ತೀರಿಕೊಂಡರೆ ಮಗುವನ್ನು ಯಾರು ತೆಗೆದುಕೊಳ್ಳುತ್ತಾರೆ, ಗರ್ಭಕೋಶ ತೆಗೆಯಬೇಕಾಗಿ ಬಂದರೆ ಪರಿಹಾರ ಎಷ್ಟು ಎಂಬುದನ್ನೆಲ್ಲ ಮುಜುಗರವಾದರೂ ಈಗಲೇ ಮಾತಾಡಿ. ಗರ್ಭಪಾತದ ಬಗ್ಗೆ ನಿಮ್ಮ ನಿಲುವೂ ಅವರ ನಿಲುವೂ ಬೇರೆಯಾಗಿದ್ದರೆ ಆ ಜೋಡಿ ಬೇಡ, ಎಷ್ಟೇ ಒಳ್ಳೆಯವರಾಗಿರಲಿ. ಎರಡೂ ಕಡೆಯ ಸಹಿ ಬೀಳುವವರೆಗೆ ಒಂದು ಮಾತ್ರೆಯನ್ನೂ ನುಂಗಬೇಡಿ.

ದುಡ್ಡಿನ ಖಾತೆ ಇನ್ನೂ ಸೂಕ್ಷ್ಮ. ಪೋಷಕರ ಹಣ ಎಸ್ಕ್ರೋದಲ್ಲಿ ಕೂತು, ಅಲ್ಲಿಂದ ನಿಮಗೆ ತಿಂಗಳು ತಿಂಗಳು ಬರಬೇಕು. ಮುಖ್ಯ ಮೊತ್ತ ಸಾಮಾನ್ಯವಾಗಿ ಸ್ಕ್ಯಾನ್‌ನಲ್ಲಿ ಮಗುವಿನ ಹೃದಯ ಬಡಿತ ಕಂಡ ಮೇಲೆ ಶುರುವಾಗುತ್ತದೆ. ಖಾತೆ ಏಜೆನ್ಸಿಯ ಕೈಯಲ್ಲೇ ಇದ್ದರೆ ಏನಾಗುತ್ತದೆಂಬುದು 2009ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಏಜೆನ್ಸಿ ಕುಸಿದಾಗ ಗೊತ್ತಾಯಿತು. ಹಣ ಸ್ವತಂತ್ರ ಎಸ್ಕ್ರೋದಲ್ಲಿ ಅಥವಾ ವಕೀಲರ ಟ್ರಸ್ಟ್ ಖಾತೆಯಲ್ಲಿರಬೇಕು ಎಂಬ ಕಾನೂನು ಆ ರಾಜ್ಯದಲ್ಲಿ ಬಂದದ್ದು ಅದರ ನಂತರ. ಸ್ವತಂತ್ರ ಎಸ್ಕ್ರೋ ಎಂಬ ಹೆಸರೊಂದೇ ಸಾಲದು ಎಂಬುದು 2024ರಲ್ಲಿ ತಿಳಿಯಿತು: ಹ್ಯೂಸ್ಟನ್‌ನ ಎಸ್ಕ್ರೋ ಸಂಸ್ಥೆಯೊಂದರಲ್ಲಿ ಪೋಷಕರಿಟ್ಟ ಹಣ ಕಾಣೆಯಾಗಿ, ತುಂಬು ಗರ್ಭಿಣಿಯರಿಗೆ ಬರಬೇಕಾದದ್ದು ನಿಂತುಹೋಯಿತು. ಹಾಗಾಗಿ ಸಂಸ್ಥೆಗೆ ಲೈಸೆನ್ಸ್ ಮತ್ತು ಬಾಂಡ್ (ಹಣ ಮುಳುಗಿದರೆ ತುಂಬಿಕೊಡುವ ಖಾತರಿ) ಇದೆಯೇ, ಏಜೆನ್ಸಿಯ ಮಾಲೀಕರಿಗೂ ಅದಕ್ಕೂ ನಂಟಿದೆಯೇ, ಬಾಕಿ ಎಷ್ಟಿದೆ ಎಂದು ನೀವು ಲಾಗಿನ್ ಆಗಿ ನೋಡಬಹುದೇ ಎಂದು ಕೇಳಿ. ಔಷಧ ಶುರುವಾಗುವ ಮೊದಲು ಪೂರ್ತಿ ಮೊತ್ತ ಜಮೆಯಾಗಿರಬೇಕು, ಇಂತಿಷ್ಟಕ್ಕಿಂತ ಕೆಳಗಿಳಿದರೆ ಇಷ್ಟು ದಿನದೊಳಗೆ ತುಂಬಬೇಕು ಎಂಬ ಸಾಲು ಕರಾರಿನಲ್ಲಿರಲಿ. ತೆರಿಗೆಯ ಪ್ರಶ್ನೆಯನ್ನು ಸಹಿಗೆ ಮುಂಚೆ ಲೆಕ್ಕಿಗರ ಹತ್ತಿರ ಮುಗಿಸಿಕೊಳ್ಳಿ.

ಇನ್ನು ವಿಮೆ. ಹೆಚ್ಚು ಜನ ಎಡವುವುದು ಇಲ್ಲೇ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ "ಹೆರಿಗೆ ಕವರ್ ಆಗುತ್ತದಾ" ಎಂದರೆ ಆಗುತ್ತದೆ ಎನ್ನುತ್ತಾರೆ. ಅದು ನಿಮ್ಮ ಸ್ವಂತ ಮಗುವಿನ ಹೆರಿಗೆ. ನೋಡಬೇಕಾದದ್ದು ಕೆಲವೇ ಪುಟದ ಸಾರಾಂಶವನ್ನಲ್ಲ, ನೂರಾರು ಪುಟದ ಪೂರ್ತಿ ಪ್ಲಾನ್ ದಾಖಲೆಯನ್ನು. ಪಿಡಿಎಫ್ ತರಿಸಿ, ಸರೊಗೇಟ್, ಸರೊಗಸಿ, ಜೆಸ್ಟೇಷನಲ್ ಕ್ಯಾರಿಯರ್ (ಸರೊಗೇಟ್‌ಗೆ ಇನ್ನೊಂದು ಹೆಸರು) ಪದಗಳನ್ನು ಹುಡುಕಿ. 'ಎಕ್ಸ್‌ಕ್ಲೂಷನ್ಸ್', ಅಂದರೆ ವಿಮೆ ಹೊರಗಿಡುವ ಖರ್ಚುಗಳ, ಪಟ್ಟಿಯಲ್ಲಿ ಸಿಕ್ಕರೆ ಆ ಪಾಲಿಸಿ ನಡೆಯುವುದಿಲ್ಲ. ಎಲ್ಲೂ ಸಿಗದಿದ್ದರೆ ಸಾಮಾನ್ಯವಾಗಿ ನಡೆಯುತ್ತದೆ, ಆದರೂ ಬರಹದಲ್ಲಿ ಕೇಳಿ. ಮೂರನೆಯದು ಮೋಸದ ಜಾಗ: ಖರ್ಚು ಕೊಡುತ್ತೇವೆ, ಆದರೆ ಸರೊಗಸಿಯಿಂದ ನಿಮಗೆ ಬಂದ ಹಣದಿಂದ ವಾಪಸ್ ಪಡೆಯುತ್ತೇವೆ ಎಂಬ ಸಾಲು. ಇದು ಹೊರಗಿಡುವ ಪಟ್ಟಿಯಲ್ಲಿರದೆ, ಎಲ್ಲೋ ಕೊನೆಯಲ್ಲಿ ಮರುಪಾವತಿಯ ಅಧ್ಯಾಯದಲ್ಲಿ ಅಡಗಿರುತ್ತದೆ. ಕಂಪನಿಯೇ ಸ್ವಂತ ದುಡ್ಡಿನಿಂದ ನಡೆಸುವ ಸೆಲ್ಫ್ ಫಂಡೆಡ್ ಪ್ಲಾನ್ ಆದರೆ ರಾಜ್ಯದ ವಿಮಾ ಕಾನೂನು ಅದಕ್ಕೆ ತಟ್ಟುವುದಿಲ್ಲ, ಇನ್ನಷ್ಟು ಎಚ್ಚರ ಬೇಕು.

ವರ್ಷ ಬದಲಾಗುವುದನ್ನೂ ಲೆಕ್ಕ ಹಾಕಿ. ಐದು ದಿನದ ಭ್ರೂಣ ಇಟ್ಟ ದಿನಕ್ಕೆ 261 ದಿನ ಕೂಡಿಸಿದರೆ ಹೆರಿಗೆಯ ದಿನ. ಜೂನ್ 10ಕ್ಕೆ ಇಟ್ಟರೆ ಫೆಬ್ರವರಿ 26. ನಡುವೆ ಜನವರಿ 1 ಬರುತ್ತದೆ, ಪ್ಲಾನ್ ಹೊಸದಾಗುತ್ತದೆ, ಕಳೆದ ವರ್ಷ ಇಲ್ಲದ ನಿಷೇಧ ಈ ವರ್ಷ ಸೇರಿರಬಹುದು, ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ಕೈಯಿಂದ ಕಟ್ಟಬೇಕಾದ ಮೊತ್ತ) ಮತ್ತೆ ಸೊನ್ನೆಯಿಂದ ಶುರು. ಎರಡೂ ವರ್ಷದ ಡಿಡಕ್ಟಿಬಲ್ ಪೋಷಕರದ್ದೇ ಎಂದು ಬರೆಸಿ. ಮಗುವಿನ ಖರ್ಚು ನಿಮ್ಮ ಪಾಲಿಸಿಗೆ ಅಂಟಬಾರದು. ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಿಲ್ಲು ತಪ್ಪಿ ನಿಮ್ಮ ಹೆಸರಿಗೆ ಬಂದರೆ ಬಿಡಿಸಿಕೊಳ್ಳುವುದು ದೊಡ್ಡ ತಲೆನೋವು. ಮಗು ಆ ದಂಪತಿಯದೇ ಎನ್ನುವ ಪೋಷಕರ ಹಕ್ಕಿನ ಕೋರ್ಟ್ ಆದೇಶ ಬಂದ ಕೂಡಲೇ ಅದರ ಪ್ರತಿಯನ್ನು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೆ ತಲುಪಿಸಿ. ಏಜೆನ್ಸಿ ಇದ್ದರೆ ಪಾಲಿಸಿಯನ್ನು ಪರಿಣತರಿಂದ ಓದಿಸುತ್ತದೆ. ಆ ಲಿಖಿತ ವರದಿ ನಿಮ್ಮ ಕೈಗೂ ಬರಬೇಕು.

ಏಜೆನ್ಸಿ ಮಾಡಲಾಗದ್ದೂ ಇದೆ. ಸಂಯೋಜಕಿ ನರ್ಸ್ ಅಲ್ಲ. ಹೆಚ್ಚಿನ ಕ್ಲಿನಿಕ್‌ಗಳಲ್ಲಿ ಎಣ್ಣೆಯಲ್ಲಿ ಬೆರೆಸಿದ ಪ್ರೊಜೆಸ್ಟರಾನ್ (ಬಸಿರು ನಿಲ್ಲಲು ಬೇಕಾದ ಹಾರ್ಮೋನು) ಸೂಜಿಯನ್ನು ಬಸಿರಿನ ಸುಮಾರು 10ರಿಂದ 12ನೇ ವಾರದವರೆಗೆ ದಿನಾ ಪೃಷ್ಠದ ಮೇಲ್ಭಾಗದ ಹೊರಮಗ್ಗುಲಿಗೆ ಚುಚ್ಚಬೇಕು. ಸೂಜಿ ಒಂದೂವರೆ ಇಂಚು. ಎಣ್ಣೆ ಮಂದ, ನಿಧಾನವಾಗಿ ಇಳಿಯುತ್ತದೆ. ಸೀಸೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಚುಚ್ಚಿದ ಮೇಲೆ ತಿಕ್ಕಿ, ದಿನಕ್ಕೊಂದು ಮಗ್ಗುಲು ಬದಲಿಸಿದರೂ ಗಂಟು ಕಟ್ಟುವುದುಂಟು. ಬಹಳ ಸಲ ಅದು ಎಳ್ಳೆಣ್ಣೆ, ಎಳ್ಳು ಆಗದವರು ಮೊದಲೇ ಹೇಳಬೇಕು. ಜಾಗ ಕೆಂಪಾಗಿ ಬಿಸಿಯಾದರೆ, ದದ್ದು ಎದ್ದರೆ ಫೋನ್ ಹೋಗಬೇಕಾದದ್ದು ಕ್ಲಿನಿಕ್ಕಿನ ನರ್ಸ್‌ಗೆ. ರಾತ್ರಿಯ ನಂಬರ್ ಫ್ರಿಜ್ಜಿನ ಮೇಲೆ ಅಂಟಿಸಿಡಿ.

ನೇರವಾಗಿ ಹೋಗುವುದೆಂದೇ ತೀರ್ಮಾನಿಸಿದರೆ, ಏಜೆನ್ಸಿಯ ಜಾಗದಲ್ಲಿ ಖರ್ಚಿನ ರಸೀದಿಗಳನ್ನು ನೋಡಿ ಪಾಸು ಮಾಡುವ ಮೂರನೆಯವರೊಬ್ಬರು ಇರಲಿ, ಎಸ್ಕ್ರೋದವರೇ ಆದರೂ ಸರಿ. ಆಪ್ತಸಲಹೆಗಾರರ ಫೀಯೂ ಲೆಕ್ಕದಲ್ಲಿರಲಿ, ಹೆರಿಗೆಯ ನಂತರದ ತಿಂಗಳುಗಳಿಗೂ ಸೇರಿ. ಹೆಚ್ಚಿನ ಏಜೆನ್ಸಿಗಳ ಗಮನ ಮಗು ಮನೆಗೆ ಹೋದ ಮೇಲೆ ಸಡಿಲವಾಗುತ್ತದೆ, ನಿಮಗೋ ಆಗ ಹಾಲು ಇಳಿಯುತ್ತಿರುತ್ತದೆ, ಹೊಲಿಗೆ ಒಣಗುತ್ತಿರುತ್ತದೆ. ನ್ಯೂಯಾರ್ಕ್ ಕಾನೂನು ಹೆರಿಗೆಯಾಗಿ 12 ತಿಂಗಳವರೆಗೂ ಸರೊಗೇಟ್‌ನ ಆರೋಗ್ಯ ವಿಮೆಯನ್ನು ಪೋಷಕರೇ ಭರಿಸಬೇಕು ಎನ್ನುತ್ತದೆ. ನಿಮ್ಮ ರಾಜ್ಯ ಯಾವುದಾದರೂ ಅದನ್ನೇ ಮಾದರಿಯಾಗಿಟ್ಟುಕೊಂಡು ಕೇಳಿ. ಅರಿವಳಿಕೆ ತಜ್ಞರದ್ದು, ಲ್ಯಾಬಿನದ್ದು ಎಂದು ಬಿಲ್ಲುಗಳು ತಿಂಗಳುಗಟ್ಟಲೆ ಆಮೇಲೂ ಬರುತ್ತಿರುತ್ತವೆ, ಆದ್ದರಿಂದ ಎಸ್ಕ್ರೋ ಖಾತೆಯನ್ನು ಹೆರಿಗೆಯಾಗಿ ಕನಿಷ್ಠ ಆರು ತಿಂಗಳು ಮುಚ್ಚಬಾರದೆಂದು ಬರೆಸಿಕೊಳ್ಳಿ.